ಸುಮ್ನ ಕುಂತಾಗ ಹಾಕಿದ ಸರಪಳಿ

ಇವತ್ತಿನ ಸಂಚಿಕೆಗೆ ರಾಜರಿಲ್ಲ, ಯುದ್ಧ ಇಲ್ಲ. ಒಂದು ಕಡ್ಡಿ ಇದೆ, ಅದರ ತುದಿಗೊಂದು ಕೊಕ್ಕೆ ಇದೆ, ಒಂದು ಉಂಡೆ ಉಲ್ಲನ್ ಇದೆ. ಕ್ರೋಶಾ ಕಲಿಯೋಕೆ ಹೋಗಿ ನಾನು ಇತಿಹಾಸದಲ್ಲಿ ಸಿಕ್ಕಿಹಾಕಿಕೊಂಡ ಕಥೆ ಇದು.

ಹುಬ್ಬಳ್ಳಿ ಕಡೆ ಹೋಗೋ ರೈಲಲ್ಲಿ ಕೂತರೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಒಂದರ ಹಿಂದೆ ಒಂದು ಬರುತ್ತವೆ. ಕಡ್ಡಿ ಮತ್ತು ಉಲ್ಲನ್ ತಗೊಂಡಿದ್ದು ರಾಣೆಬೆನ್ನೂರಲ್ಲಿ. ಕಲಿಯೋಕೆ ಹೋಗಿದ್ದು ಬ್ಯಾಡಗಿಗೆ, ದೊಡ್ಡವ್ವನ ಮನೆಗೆ. ಅಲ್ಲಿ ಬಾಗಿಲ ತೋರಣ, ಟೀವಿ ಮೇಲಿನ ಹೊದಿಕೆ, ದೇವರ ಮಣೆ ಮೇಲಿನ ಹಾಸು, ಎಲ್ಲವೂ ದೊಡ್ಡವ್ವನ ಕೈಯ ಕ್ರೋಶಾ. ಚಿಕ್ಕವನಿದ್ದಾಗ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಅದೇ ಹೂವು, ಅದೇ ಬ್ಯಾಗು ನೋಡಿ ಅದರ ಬೆಲೆ ಓದಿದ ಮೇಲೆ ಕಣ್ಣು ಬಿತ್ತು.

ಪಡಸಾಲೆಯಲ್ಲಿ ಕೂತು ಮೊದಲ 20 ಚೈನ್ ಹಾಕಿದೆ. ದೊಡ್ಡವ್ವ ನೋಡಿದಳು. "ದಾರ ಅಷ್ಟ್ ಯಾಕ ಜಗ್ತೀ ತಮ್ಮಾ? ಸಡಲ ಬಿಡು. ಬಿಚ್ಚು, ಮತ್ತ ಹಾಕು."

ಬಿಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಬಿಚ್ಚಿಸಿದಳು.

ಕೇಳ್ತಾನೇ ಹಾಕಿ ನೋಡೋರಿಗಾಗಿ ಹೇಳ್ತೀನಿ. ದಾರದ ತುದಿ ಹತ್ತಿರ ಒಂದು ಜಾರುಗಂಟು ಹಾಕಿ, ಅದರ ಕುಣಿಕೆಯಲ್ಲಿ ಕಡ್ಡಿ ತೂರಿಸಿ. ಕಡ್ಡಿ ಬಲಗೈಯಲ್ಲಿ, ಉಂಡೆಯಿಂದ ಬರೋ ದಾರ ಎಡಗೈ ತೋರುಬೆರಳ ಮೇಲೆ. ಈಗ ದಾರವನ್ನು ಕಡ್ಡಿ ಮೇಲೆ ಒಂದು ಸುತ್ತು ತಂದು, ಕೊಕ್ಕೆಯಲ್ಲಿ ಹಿಡಿದು, ಆ ಕುಣಿಕೆಯೊಳಗಿಂದ ಈಚೆ ಎಳೀರಿ. ಒಂದು ಚೈನ್ ಆಯ್ತು. ಅದೇ ಕೆಲಸ ಮತ್ತೆ ಮಾಡಿದರೆ ಎರಡು. ಲೆಕ್ಕ ಮಾಡುವಾಗ ಕಡ್ಡಿ ಮೇಲಿರೋ ಕುಣಿಕೆಯನ್ನು ಸೇರಿಸಬಾರದು. ಮೊದಲ ದಿನ ಎಲ್ಲರೂ ತಪ್ಪೋದು ಅಲ್ಲೇ. ಎರಡನೇ ತಪ್ಪು ನನ್ನದು: ದಾರ ಬಿಗಿಯಾಗಿ ಎಳೆಯೋದು. ಸರಪಳಿ ಬಿಗಿಯಾದರೆ ಎರಡನೇ ಸಾಲು ಹಾಕುವಾಗ ಅದರ ಕಣ್ಣಿನೊಳಗೆ ಕೊಕ್ಕೆಯೇ ಹೋಗಲ್ಲ.

ಮುಂದಿನ ಹೆಜ್ಜೆಯಲ್ಲಿ ಇನ್ನೊಂದು ಗೊಂದಲ ಕಾದಿರುತ್ತೆ. ಯೂಟ್ಯೂಬ್‌ನಲ್ಲಿ ಅಮೆರಿಕದವರು "ಸಿಂಗಲ್ ಕ್ರೋಶೆ" ಅನ್ನೋ ಹೆಣಿಗೆಗೆ ಬ್ರಿಟನ್ನಿನವರು "ಡಬಲ್ ಕ್ರೋಶೆ" ಅಂತಾರೆ. ಹೆಣಿಗೆ ಒಂದೇ, ಹೆಸರು ಬೇರೆ. ವೀಡಿಯೊದ ಡಬಲ್ಲಿಗೂ ಮನೆಯ ಹಳೇ ಪುಸ್ತಕದ ಡಬಲ್ಲಿಗೂ ತಾಳೆಯಾಗದಿದ್ದರೆ ನಿಮ್ಮ ಕೈದು ತಪ್ಪಲ್ಲ. ದೊಡ್ಡವ್ವನಿಗೆ ಇವೆರಡೂ ಬೇಡ. ಅವಳದು "ಸರಪಳಿ" ಮತ್ತು "ಕಂಬ". ಮರಾಠಿಯಲ್ಲೂ ಹೀಗೇ, ಸಾಖಳಿ ಮತ್ತು ಖಾಂಬ್. ಇದು ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಮೂರನೇ ಸಲ ಬಿಚ್ಚುವಾಗ ಒಂದು ವಿಷಯ ಹೊಳೀತು. ತುದಿ ಹಿಡಿದು ಎಳೆದ ಕೂಡಲೇ ಇಡೀ ಸರಪಳಿ ಸರ್ರನೆ ಬಿಚ್ಚಿಕೊಳ್ತಲ್ಲ, ಇದನ್ನ ನಾನು ಎಲ್ಲೋ ನೋಡಿದ್ದೀನಿ! ಅಕ್ಕಿ ಚೀಲ. 25 ಕೆ.ಜಿ. ಅಕ್ಕಿ ಚೀಲದ ಬಾಯಿಗೆ ಹಾಕಿರೋ ಹೊಲಿಗೆ. ಸರಿಯಾದ ತುದಿ ಸಿಕ್ಕಿದರೆ ಒಂದೇ ಎಳೆತಕ್ಕೆ ಬಾಯಿ ತೆರೆಯುತ್ತೆ, ತಪ್ಪು ತುದಿ ಹಿಡಿದರೆ ಕತ್ತರಿ ಹುಡುಕಬೇಕು. ಅದೂ ಸರಪಳಿ ಹೊಲಿಗೆಯೇ. ಹಾಗಾದರೆ ದೊಡ್ಡವ್ವನ ಕಡ್ಡಿಗೂ ಚೀಲ ಹೊಲಿಯೋ ಯಂತ್ರಕ್ಕೂ ಏನು ಸಂಬಂಧ? ಹುಡುಕಿಕೊಂಡು ಹೋದೆ. ಸಂಬಂಧ ಇದೆ, ಹತ್ತಿರದ್ದೇ ಇದೆ.

ಅದನ್ನು ಹೇಳೋಕೆ ಮೊದಲು ರಾಣೆಬೆನ್ನೂರು, ಹಾವೇರಿ ಪೇಟೆಯ ಬೋರ್ಡುಗಳನ್ನು ನೆನಪಿಸಿಕೊಳ್ಳಿ. "ಇಲ್ಲಿ ಆರಿ ವರ್ಕ್ ಕಲಿಸಲಾಗುವುದು." ಮದುವೆ ಬ್ಲೌಸಿನ ಮೇಲೆ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿಯಿಂದ ಚಕಚಕ ಅಂತ ಹಾಕ್ತಾರಲ್ಲ, ಅದೇ ಆರಿ. ಬಟ್ಟೆ ಕೆಳಗಿರೋ ದಾರವನ್ನು ಕೊಕ್ಕೆ ಮೇಲಕ್ಕೆ ಎಳೆಯುತ್ತೆ, ಹಿಂದಿನ ಕುಣಿಕೆಯೊಳಗಿಂದ ಮುಂದಿನ ಕುಣಿಕೆ ಬರುತ್ತೆ. ಆರಿ ಅಂದರೆ ಚಮ್ಮಾರರ ಉಳಿಯ ಜಾತಿಯ ಉಪಕರಣ. ಗುಜರಾತಿನ ಕಚ್ಛ್‌ನಲ್ಲಿ ಮೋಚಿ ಸಮುದಾಯದ ಗಂಡಸರು ಚರ್ಮದ ಮೇಲೆ ಮಾಡುತ್ತಿದ್ದ ಈ ಕೆಲಸವನ್ನು ರೇಷ್ಮೆ, ಹತ್ತಿ ಬಟ್ಟೆಗೂ ತಂದರು. 17ನೇ ಶತಮಾನದಲ್ಲಿ ಗುಜರಾತಿನ ಸರಪಳಿ ಕಸೂತಿಯ ಪರದೆಗಳು, ಹಾಸುಗಳು ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ ಯುರೋಪಿಗೆ ಹೋದವು.

18ನೇ ಶತಮಾನದ ನಡುವೆ ಫ್ರಾನ್ಸಿನಲ್ಲಿ ಇಂಥದೇ ಕೊಕ್ಕೆ ಕಸೂತಿ ಫ್ಯಾಶನ್ ಆಯ್ತು. ಡೋಲಿನ ಹಾಗೆ ಬಟ್ಟೆಯನ್ನು ದುಂಡು ಚೌಕಟ್ಟಿಗೆ ಬಿಗೀತಿದ್ದರು, ಅದಕ್ಕೇ ಹೆಸರು "ಟ್ಯಾಂಬೂರ್", ಅಂದರೆ ಡೋಲು. ಈ ಕಲೆ ಪೂರ್ವದಿಂದ ಬಂತು ಅನ್ನೋದು ಆಗಿನವರಿಗೂ ಗೊತ್ತಿತ್ತು. ಭಾರತ, ಪರ್ಷಿಯಾ, ಚೀನಾ, ತುರ್ಕಿ, ಎಲ್ಲ ಹೆಸರೂ ಕೇಳಿಬರುತ್ತವೆ.

ಇಲ್ಲಿಂದ ಕೊಕ್ಕೆಯ ದಾರಿ ಎರಡಾಗಿ ಒಡೆಯುತ್ತೆ. ಒಂದು ಕಾರ್ಖಾನೆ ಕಡೆಗೆ ಹೋಯ್ತು, ಇನ್ನೊಂದು ಮನೆಯ ಪಡಸಾಲೆಗೆ.

ಮೊದಲನೇ ದಾರಿ ನೋಡೋಣ. ಬಾರ್ತೆಲೆಮಿ ತಿಮೋನಿಯೆ ಅಂತ ಒಬ್ಬ ಫ್ರೆಂಚ್ ದರ್ಜಿ. ಟ್ಯಾಂಬೂರಿನ ಕೊಕ್ಕೆ ಸೂಜಿ ಮಾಡೋ ಕೆಲಸವನ್ನೇ ಮಾಡುವ ಒಂದು ಮರದ ಯಂತ್ರ ಕಟ್ಟಿ 1830ರಲ್ಲಿ ಪೇಟೆಂಟ್ ಪಡೆದ. ಕೆಲಸಕ್ಕೆ ಬಂದ ಮೊದಲ ಹೊಲಿಗೆ ಯಂತ್ರಗಳಲ್ಲಿ ಅದೂ ಒಂದು. ಅದು ಹಾಕುತ್ತಿದ್ದದ್ದು ಸರಪಳಿ ಹೊಲಿಗೆ. ಪ್ಯಾರಿಸ್‌ನಲ್ಲಿ ಇಂಥ ಸುಮಾರು 80 ಯಂತ್ರ ಇಟ್ಟು ಸೈನ್ಯದ ಸಮವಸ್ತ್ರ ಹೊಲಿಸೋಕೆ ಶುರು ಮಾಡಿದರು. ನಮ್ಮ ಅನ್ನ ಹೋಯ್ತು ಅಂತ ದರ್ಜಿಗಳು 1831ರಲ್ಲಿ ಆ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದು ಹಾಕಿದರು. ಯಂತ್ರ ಮಾತ್ರ ನಿಲ್ಲಲಿಲ್ಲ. ಬೇರೆ ಬೇರೆಯವರ ಕೈಯಲ್ಲಿ ಬದಲಾಗುತ್ತಾ ಬಂತು. ಆ ಸರಪಳಿ ಹೊಲಿಗೆಯೇ ಇವತ್ತು ನಿಮ್ಮ ಅಕ್ಕಿ ಚೀಲದ ಬಾಯಲ್ಲಿರೋದು.

ಎರಡನೇ ದಾರಿಯಲ್ಲಿ ಯಾರೋ ಬಟ್ಟೆಯನ್ನೇ ತೆಗೆದು ಹಾಕಿದರು. ಹಾಸುಬಟ್ಟೆ ಇಲ್ಲದೆ, ಬರೀ ಗಾಳಿಯಲ್ಲಿ, ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆಯೋದು. ಕ್ರೋಶಾ ಹುಟ್ಟಿದ್ದು ಹೀಗೆ ಅಂತ ಹಲವು ಇತಿಹಾಸಕಾರರು ಹೇಳ್ತಾರೆ. ಸ್ಕಾಟ್‌ಲೆಂಡಿನ ಕುರಿಗಾಹಿಗಳ ಕೊಕ್ಕೆ ಹೆಣಿಗೆಯನ್ನೂ ಇದರ ಪೂರ್ವಜ ಅನ್ನೋರಿದ್ದಾರೆ. "ಕ್ರೋಶೆ" ಅನ್ನೋದು ಫ್ರೆಂಚ್ ಪದ, ಅರ್ಥ ಚಿಕ್ಕ ಕೊಕ್ಕೆ. 1820ರ ದಶಕದಲ್ಲಿ ಡಚ್ ಪತ್ರಿಕೆಯೊಂದರಲ್ಲಿ ಇದರ ನಮೂನೆಗಳು ಅಚ್ಚಾದವು.

ಆಮೇಲೆ ಬಂದದ್ದು ಹಸಿವು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಕಡಿಮೆಯಿಲ್ಲದಷ್ಟು ಜನ ದೇಶ ಬಿಟ್ಟರು. ಆಗ ಕಾರ್ಕ್ ಸುತ್ತಿನ ಕಾನ್ವೆಂಟುಗಳ ಸನ್ಯಾಸಿನಿಯರು, ಕ್ಲೋನಿಸ್ ಊರಲ್ಲಿ ಕಸಾಂಡ್ರಾ ಹ್ಯಾಂಡ್ ಅನ್ನೋ ಪಾದ್ರಿಯ ಹೆಂಡತಿ, ಬಡ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದರು. ಒಂದು ಕಡ್ಡಿ, ಒಂದು ದಾರ ಸಾಕು, ಬಂಡವಾಳ ಬೇಡ. ಶ್ರೀಮಂತರ ಕಾಲರಿಗೆ ಹೋಗೋ ಆ ಲೇಸಿನ ದುಡ್ಡಲ್ಲಿ ಎಷ್ಟೋ ಮನೆಗಳ ಒಲೆ ಉರೀತು.

ಅದೇ ಕಾಲದಲ್ಲಿ ಮಿಷನರಿಗಳು ಹೊಲಿಗೆ, ಹೆಣಿಗೆ, ಲೇಸನ್ನು ತಮ್ಮ ಹೆಣ್ಣುಮಕ್ಕಳ ಶಾಲೆಗಳ ಮೂಲಕ ಭಾರತಕ್ಕೆ ತಂದರು. ನಮ್ಮ ಕಡೆಗೆ ಬಾಸೆಲ್ ಮಿಷನ್‌ನವರು ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಬ್ರಿಟಿಷರ ಕಾಲದ ಹೆಣ್ಣುಮಕ್ಕಳ ಶಾಲೆ ಅಂದರೆ ಓದು, ಲೆಕ್ಕದ ಜೊತೆ ಸೂಜಿ ಕೆಲಸವೂ ಪಾಠ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರವರೆಗೂ ನಮ್ಮ ರಾಜಧಾನಿ ಮುಂಬಯಿಯೇ. ದೊಡ್ಡವ್ವನ "ಸರಪಳಿ, ಕಂಬ" ಮರಾಠಿಯ "ಸಾಖಳಿ, ಖಾಂಬ್" ಜೊತೆ ಯಾಕೆ ಹೊಂದುತ್ತೆ ಅಂತ ಈಗ ಅಂದಾಜು ಸಿಕ್ಕಿರಬೇಕು. ದೊಡ್ಡವ್ವ ಕಲಿತದ್ದು ಅವಳ ಅತ್ತಿಯಿಂದ. ಆ ಅತ್ತಿ ಶಾಲೆ ಕಲಿತದ್ದು ಮುಂಬಯಿ ಪ್ರಾಂತದ ಕಾಲದಲ್ಲಿ.

ಇಲ್ಲೊಂದು ನಿಮಿಷ ನಿಲ್ಲಿ. ಕಚ್ಛ್‌ನಲ್ಲಿ ಕೊಕ್ಕೆ ಗಂಡಸರ ಕೈಯಲ್ಲಿದ್ದಾಗ ಅದು ಕಸುಬು, ಅವರಿಗೊಂದು ಹೆಸರಿತ್ತು. ಪ್ಯಾರಿಸ್‌ನಲ್ಲಿ ಯಂತ್ರಕ್ಕೆ ಸೇರಿದಾಗ ಅದು ಉದ್ಯಮ, ಅದಕ್ಕಾಗಿ ಗಲಭೆಯೇ ನಡೀತು. ಅದೇ ಕೊಕ್ಕೆ ಮನೆಯೊಳಗೆ ಹೆಂಗಸರ ಕೈಗೆ ಬಂದಾಗ ಅದರ ಹೆಸರೇನು? ಟೈಮ್ ಪಾಸ್.

ದೊಡ್ಡವ್ವನನ್ನ ಕೇಳಿದೆ, "ಇಷ್ಟೆಲ್ಲಾ ಮಾಡೀದಿ, ಯಾರಿಗಾದ್ರೂ ಮಾರೀಯೇನು?" ಅವಳು ನಕ್ಕಳು. "ಏನ್ ರೊಕ್ಕಾ ಕೇಳೂದೋ ತಮ್ಮಾ. ಸುಮ್ನ ಕುಂತಾಗ ಮಾಡಿದ್ದು."

ಸುಮ್ನ ಕುಂತಾಗ. ಈ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಯಾಕೆಂದರೆ ಇದೇ ಮಾತಿನ ಮೇಲೆ ಒಂದು ಪುಸ್ತಕವೇ ನಿಂತಿದೆ. ಆಂಧ್ರದ ಗೋದಾವರಿ ತೀರದ ನರಸಾಪುರ ಕ್ರೋಶಾ ಲೇಸಿಗೆ ಹೆಸರಾದ ಊರು. ಅಲ್ಲೂ 19ನೇ ಶತಮಾನದಲ್ಲಿ ಕಲಿಸಿದವರು ಮಿಷನರಿಗಳೇ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ, 1982ರಲ್ಲಿ ನರಸಾಪುರದ ಲೇಸ್ ಹೆಂಗಸರ ಬಗ್ಗೆ ಪುಸ್ತಕ ತಂದರು. ಅವರು ಕಂಡದ್ದು ಇದು: ಲೇಸ್ ವಿದೇಶಕ್ಕೆ ಹೋಗ್ತಿತ್ತು, ವ್ಯಾಪಾರಿಗಳು ಮೇಲೆ ಬಂದರು, ಮಾಡೋ ಹೆಂಗಸರು ಮಾತ್ರ ಬಡವರಾಗೇ ಉಳಿದರು. ಕಾರಣ, ಅವರನ್ನು ಯಾರೂ ಕೆಲಸಗಾರರು ಅಂತ ಕರೆಯಲೇ ಇಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಏನೋ ಹೆಣೀತಾರೆ, ಅಷ್ಟೇ. ದಿನಕ್ಕೆ ಆರು, ಎಂಟು ಗಂಟೆ ಹೆಣೆದರೂ ಅದು ಬಿಡುವು! ಒಬ್ಬಳು ಹೂವು ಹಾಕೋದು, ಇನ್ನೊಬ್ಬಳು ಜೋಡಿಸೋದು, ಹೀಗೆ ಕಾರ್ಖಾನೆಯ ಹಾಗೇ ಕೆಲಸ ಹಂಚಿತ್ತು. ಬರೀ ಕಾರ್ಖಾನೆ ಅನ್ನೋ ಹೆಸರು, ಕೂಲಿ ಇರಲಿಲ್ಲ.

ನಿಮಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿ ಇದೆ. ಸ್ವೆಟರ್ ಹೆಣೆಯೋಕೆ ಯಂತ್ರ ಇದೆ, ಬಟ್ಟೆ ನೇಯೋಕೆ ಇದೆ, ಸರಪಳಿ ಹೊಲಿಗೆಗೂ ಇದೆ. ಕ್ರೋಶಾ ಹಾಕಿ ರಾಶಿ ರಾಶಿ ಮಾಲು ಕೊಡೋ ಯಂತ್ರ ಮಾತ್ರ ಇವತ್ತಿಗೂ ಪೇಟೆಗೆ ಬಂದಿಲ್ಲ. ಕ್ರೋಶಾ ಹಾಗೆ ಕಾಣೋ ಯಂತ್ರದ ಲೇಸ್ ಸಿಗುತ್ತೆ, ಅದು ಬೇರೆ ಹೆಣಿಗೆ. ಅಂದರೆ ಆನ್‌ಲೈನ್‌ನಲ್ಲಿ 400 ರೂಪಾಯಿಗೆ ನಿಜವಾದ ಕ್ರೋಶಾ ಟಾಪ್ ಸಿಕ್ಕಿದರೆ, ಎಲ್ಲೋ ಒಂದು ಕಡೆ ಒಂದು ಜೊತೆ ಕೈ ಅದನ್ನು ಕುಣಿಕೆ ಕುಣಿಕೆಯಾಗಿ ಹಾಕಿದೆ. ಆ ಕೈಗೆ ಎಷ್ಟು ಹೋಯ್ತು ಅಂತ ನೀವೇ ಯೋಚಿಸಿ.

ಈಗ ದೊಡ್ಡವ್ವ ನಿಜವಾಗಲೂ ಯಾವಾಗ ಸುಮ್ಮನೆ ಕೂತಿರ್ತಾಳೆ ಅಂತ ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ತು. ಖಾರ ಕಡಿಮೆ, ಬಣ್ಣ ಕಡುಕೆಂಪು. ಆ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕ್ತಾರೆ. ಸೀಸನ್ ಬಂತು ಅಂದರೆ ಊರಿನ ಗಾಳಿಗೇ ಕೆಮ್ಮು ಬರುತ್ತೆ. ಆ ಕಾಯಿಯ ತುಂಬು ಬಿಡಿಸೋರು ಹೆಂಗಸರು. ದೊಡ್ಡವ್ವನೂ ವರ್ಷಗಟ್ಟಲೆ ಹೋಗಿದ್ದಾಳೆ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಯಾವ ವರ್ಷ ಕೆ.ಜಿ.ಗೆ ಎಷ್ಟಿತ್ತು, ಯಾರು ತೂಕದಲ್ಲಿ ಹಿಡಿದರು, ಎಲ್ಲ ಅವಳಿಗೆ ಬಾಯಿಪಾಠ. ಅಲ್ಲಿ ಅವಳು ಪೈಸೆ ಬಿಡಲ್ಲ. ಮನೆಗೆ ಬಂದು ಉರಿಯೋ ಬೆರಳು ತೊಳೆದು, ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ಕಡ್ಡಿ ಹಿಡೀತಾಳೆ. ಅದಕ್ಕೆ "ಸುಮ್ನ ಕುಂತಾಗ" ಅಂತಾಳೆ.

ಸರಕಾರದ ಲೆಕ್ಕವೂ ಇದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಅದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರದ್ದು ಹತ್ತು ನಿಮಿಷ ಇಳೀತು. ನಮ್ಮದು ಒಂಬತ್ತು ನಿಮಿಷ, ನಾವೂ ಹಿಂದೆ ಬೀಳಲಿಲ್ಲ.

ಕೈಯ ದಾರದ ಕೆಲಸಕ್ಕೆ ನಮ್ಮ ಭಾಗದಲ್ಲಿ ಬೆಲೆಯೇ ಇಲ್ಲ ಅಂತಲ್ಲ. ಹಾವೇರಿಯ ಏಲಕ್ಕಿ ಹಾರ ನೋಡಿ. ಪಟವೇಗಾರ ಮನೆತನದವರು ಏಲಕ್ಕಿಯನ್ನು ಬಣ್ಣದ ದಾರ, ಜರಿ ಜೊತೆ ಕಟ್ಟುವ ಆ ಹಾರ 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಎಲ್ಲರ ಬಾಯಲ್ಲೂ ಇತ್ತು. ಅದು ಅಂಗಡಿಯಲ್ಲಿ ಕೂತು ಮಾಡೋ ಕಸುಬು, ಮನೆತನದ ಹೆಸರಿನ ಜೊತೆ ಬಂದದ್ದು. ಅದರ ಬೆಲೆ ಕೇಳೋಕೆ, ಹೇಳೋಕೆ ಯಾರಿಗೂ ಸಂಕೋಚ ಇಲ್ಲ.

ಮತ್ತೆ ಬ್ಯಾಡಗಿ ತಾಲ್ಲೂಕಿನದೇ ಮೋಟೆಬೆನ್ನೂರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರಲ್ಲಿ ಕರ್ನಾಟಕದ ಒಬ್ಬ ಹುಡುಗ ಇದ್ದ, ಮೈಲಾರ ಮಹಾದೇವಪ್ಪ, ಇದೇ ಊರಿನವನು. ಅವನಿಗಾಗ 19ರ ಆಸುಪಾಸು. ಸಾಬರಮತಿಯಲ್ಲಿ ಅವನು ಕಲಿತ ಪಾಠಗಳಲ್ಲಿ ನೂಲುವುದೂ ಒಂದು. ಹೆಂಡತಿ ಸಿದ್ದಮ್ಮನೂ ಹೋರಾಟಕ್ಕೆ ಇಳಿದು ಜೈಲು ಕಂಡವರು. ಊರಿಗೆ ಬಂದು ಖಾದಿ ಕೆಲಸ ಹಬ್ಬಿಸಿದ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಈ ಖಾದಿ ಚಳವಳಿ ಮಾಡಿದ ಒಂದು ಕೆಲಸವನ್ನು ನಾವು ಮರೆತಿದ್ದೀವಿ. ಚರಕದಲ್ಲಿ ನೂಲೋರು ಬಹುಪಾಲು ಹೆಂಗಸರು, ಮನೆಯಲ್ಲೇ ಕೂತು ನೂಲೋರು. ಅವರಿಗೆ ಕೊಡೋ ಕೂಲಿ ತೀರಾ ಕಡಿಮೆ ಅಂತ ಗಾಂಧೀಜಿಯೇ ಪಟ್ಟು ಹಿಡಿದರು. 1935ರಲ್ಲಿ ಚರಕಾ ಸಂಘ ಎಂಟು ಗಂಟೆಯ ಕೆಲಸದ ಲೆಕ್ಕ ಇಟ್ಟುಕೊಂಡು ನೂಲುವವರಿಗೆ ಕನಿಷ್ಠ ಕೂಲಿ ಕೊಡಬೇಕು ಅಂತ ತೀರ್ಮಾನಿಸಿತು. ಖಾದಿ ತುಟ್ಟಿಯಾಗುತ್ತೆ, ಯಾರೂ ಕೊಳ್ಳಲ್ಲ ಅನ್ನೋ ಆತಂಕ ಆಗಲೂ ಇತ್ತು. ಆದರೂ ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಗಂಟೆಯ ಲೆಕ್ಕ ಬಂತು.

ಇದೇ ಮಾತನ್ನು ಮುಂದೆ ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ ಸೇವಾ ಸಂಘಟನೆ ಎತ್ತಿಕೊಂಡಿತು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯಿಂದ ಕೆಲಸ ಮಾಡೋರಿಗಾಗಿ 177ನೇ ಒಡಂಬಡಿಕೆ ತಂದಿದ್ದರ ಹಿಂದೆ ಆ ಸಂಘಟನೆಯ ಒತ್ತಾಯವೂ ಇತ್ತು. ಮನೆಯಲ್ಲಿ ಮಾಡಿದರೂ ಕೆಲಸ ಕೆಲಸವೇ ಅನ್ನೋದು ಅದರ ಸಾರ. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.

ಹಾಗಾಗಿ ನಾನೂ ಒಂದು ಲೆಕ್ಕ ಮಾಡಿದೆ. ಫೋನಿನ ಸ್ಟಾಪ್‌ವಾಚ್ ಹಾಕಿ ದೊಡ್ಡವ್ವ ಒಂದು ಹೂವು ಹಾಕೋದನ್ನು ನೋಡಿದೆ. 14 ನಿಮಿಷ. ಅವಳ ಮೇಜಿನ ಹಾಸಿಗೆ ಅಂಥ 96 ಹೂವು, ಅಂದರೆ 22 ಗಂಟೆ ಮೇಲೆ. ಜೋಡಿಸಿ ಅಂಚು ಕಟ್ಟೋಕೆ ಇನ್ನೊಂದು ಹತ್ತು ಗಂಟೆ. ಒಟ್ಟು 32 ಗಂಟೆ, ನಾಲ್ಕು ದಿನದ ಪೂರ್ತಿ ಕೆಲಸ. ಅಂಥದೊಂದು ಹಾಸಿಗೆ ಯಾರೋ ಒಮ್ಮೆ 300 ರೂಪಾಯಿ ಕೊಟ್ಟಿದ್ದರಂತೆ. ಅದರಲ್ಲಿ 180 ದಾರದ ಖರ್ಚು. ಉಳಿದದ್ದು 120. ಗಂಟೆಗೆ 3 ರೂಪಾಯಿ 75 ಪೈಸೆ.

ಹೇಳಿದೆ. ದೊಡ್ಡವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ಹಂಗ ಲೆಕ್ಕ ಹಾಕಿ ರೊಕ್ಕಾ ಕೇಳಿದ್ರ ಯಾರೂ ತಗೊಳ್ಳಂಗಿಲ್ಲೋ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನಿಜ. 1935ರಲ್ಲೂ ಎದ್ದಿದ್ದ ಪ್ರಶ್ನೆ ಇದೇ. ಎಂಟು ಗಂಟೆಯ ಕೂಲಿ ಕೊಟ್ಟು ಒಂದು ಹಾಸು ಕೊಳ್ಳೋರು ನಮ್ಮೂರಲ್ಲಿ ಎಷ್ಟು ಜನ? ಹಾಗಂತ ಗಂಟೆ ಲೆಕ್ಕ ಇಡದಿದ್ದರೆ ಮುಂದೂ ಯಾರೂ ಕೇಳಲ್ಲ. ನಾವು ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಮುಂದಿನ ಸಲ ಕೈಯಲ್ಲಿ ಹೆಣೆದದ್ದು ಕೊಳ್ಳುವಾಗ "ಕಡಿಮೆ ಮಾಡ್ರಿ" ಅನ್ನೋ ಮೊದಲು "ಎಷ್ಟು ತಾಸು ಆತ್ರಿ ಇದಕ್ಕ?" ಅಂತ ಕೇಳಿ. ಮನೆಯಲ್ಲಿ ಹೆಣೆಯೋರಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು ಸ್ಟಾಪ್‌ವಾಚ್ ಹಾಕಿ.

ಅಥವಾ ನೀವೇ ಒಂದು 40 ಚೈನ್ ಹಾಕಿ ನೋಡಿ. ನನಗೆ ಮೊದಲ ದಿನ ಅಷ್ಟಕ್ಕೇ ಅರ್ಧ ತಾಸು ಹಿಡೀತು, ಬೆರಳು ನೋವು ಬಂತು. ಹೊರಡೋ ಹೊತ್ತಿಗೆ ಹೆಮ್ಮೆಯಿಂದ ತೋರಿಸಿದೆ. ದೊಡ್ಡವ್ವ ಎಣಿಸಿದಳು. 39 ಇತ್ತು, ಕಡ್ಡಿ ಮೇಲಿನ ಕುಣಿಕೆಯನ್ನು ನಾನು ಮತ್ತೆ ಸೇರಿಸಿ ಎಣಿಸಿದ್ದೆ. ಅವಳು ಕಡ್ಡಿ ತೆಗೆದು ಎಳೆ ಜಗ್ಗಿದಳು. ಸರ್ರನೆ ಎಲ್ಲ ಬಿಚ್ಚಿತು. ಉಲ್ಲನ್ ಉಂಡೆಗೆ ಸುತ್ತಿ ನನ್ನ ಚೀಲದಲ್ಲಿಟ್ಟಳು. "ರೈಲಿನ್ಯಾಗ ಹಾಕ್ಕೋತ ಹೋಗು. ಸಡಲ ಹಾಕು."

ಹಾವೇರಿ ಬರೋದರೊಳಗೆ 12 ಆಯ್ತು. ಸರಿಯಾಗಿ ಎಣಿಸಿದ್ದೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.